ವಿತ್ ಬಳಸಿ ಫೈಲು ತೆರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೈಥಾನ್ ಕಲಿಯುವವರು ಫೈಲಿನ ಪಾಠಕ್ಕೆ ಬಂದ ಕೂಡಲೇ "ವಿತ್ ಬಳಸಿ" ಅನ್ನುವ ಬುದ್ಧಿಮಾತು ಕಿವಿಗೆ ಬೀಳುತ್ತದೆ. ವಿತ್ ಅಂದರೆ ಪೈಥಾನಿನ ಒಂದು ಕೀವರ್ಡು, ಅದರ ಜೊತೆ ತೆರೆದ ಫೈಲು ಕೆಲಸ ಮುಗಿದಾಗ ತಾನಾಗಿ ಮುಚ್ಚುತ್ತದೆ. ಯಾಕೆ ಬಳಸಬೇಕು ಅಂತ ಬಿಡಿಸಿ ಹೇಳುವವರು ಕಡಿಮೆ. ವಿತ್ ಏನನ್ನು ಮಾಡುವುದಿಲ್ಲ ಅಂತ ಹೇಳುವವರು ಇನ್ನೂ ಕಡಿಮೆ. ನನ್ನ ಅನುಭವದಲ್ಲಿ ಜಾಸ್ತಿ ಪೆಟ್ಟು ಬೀಳುವುದು ಈ ಎರಡನೆಯದರಿಂದಲೇ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಕೋಡನ್ನು ಓದಿಕೊಂಡು ಹೋಗಲು ಅನುಕೂಲವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಕೀವರ್ಡು, ಫಂಕ್ಷನ್ ಹೆಸರುಗಳನ್ನು ಇಂಗ್ಲಿಷಿನಲ್ಲೇ ಹೊಡೆಯಬೇಕು. ವೇರಿಯಬಲ್ ಹೆಸರುಗಳು ಕನ್ನಡದಲ್ಲಿದ್ದರೆ ಪೈಥಾನ್ 3 ತಕರಾರು ಮಾಡುವುದಿಲ್ಲ. ಬೇಕಾದರೆ ಪರೀಕ್ಷಿಸಿ ನೋಡಿ, ಮಜಾ ಇದೆ.

ಕೊನೆಯಲ್ಲಿ ಕ್ಲೋಸ್ ಅಂತ ಒಂದು ಸಾಲು ಬರೆದರೆ ಸಾಲದಾ?

ಆ ಸಾಲಿನವರೆಗೂ ಪ್ರೋಗ್ರಾಮು ಬಂದು ಮುಟ್ಟಿದರೆ ಸಾಕು. ಮುಟ್ಟದಿದ್ದರೆ?

ಫೈಲು = ಓಪನ್("ಅಂಕಗಳು.ಟಿಎಕ್ಸ್‌ಟಿ")
ಮೊತ್ತ = 0
ಫಾರ್ ಸಾಲು ಇನ್ ಫೈಲು:
    ಮೊತ್ತ += ಇಂಟ್(ಸಾಲು)
ಫೈಲು.ಕ್ಲೋಸ್()

ಫೈಲಿನ ನಡುವೆ ಎಲ್ಲೋ ಒಂದು ಖಾಲಿ ಸಾಲು ಇದೆ ಅಂದುಕೊಳ್ಳಿ. ಇಂಟ್ ಅದನ್ನು ನೋಡಿ ವ್ಯಾಲ್ಯೂಎರರ್ ಎಸೆಯುತ್ತದೆ. ಪ್ರೋಗ್ರಾಮು ಅಲ್ಲಿಂದಲೇ ಹೊರಗೆ ಹಾರುತ್ತದೆ, ಕೊನೆಯ ಸಾಲು ಓಡುವುದೇ ಇಲ್ಲ. ಎರರೇ ಬರಬೇಕು ಅಂತಲೂ ಇಲ್ಲ. ಆರು ತಿಂಗಳಾದ ಮೇಲೆ ಯಾರೋ ಬಂದು ಲೂಪಿನ ಒಳಗೆ ಒಂದು ರಿಟರ್ನ್ ಸೇರಿಸಿದರೂ ಅದೇ ಕಥೆ. ಆ ಯಾರೋ ಬಹಳ ಸಲ ನಾವೇ ಆಗಿರುತ್ತೇವೆ.

ವಿತ್ ಬಳಸಿದರೆ ಹೀಗಾಗುತ್ತದೆ:

ವಿತ್ ಓಪನ್("ಅಂಕಗಳು.ಟಿಎಕ್ಸ್‌ಟಿ") ಆಸ್ ಫೈಲು:
    ಫಾರ್ ಸಾಲು ಇನ್ ಫೈಲು:
        ಮೊತ್ತ += ಇಂಟ್(ಸಾಲು)

ಒಳಗೆ ಎರರ್ ಬರಲಿ, ರಿಟರ್ನ್ ಬರಲಿ, ಬ್ರೇಕ್ ಬರಲಿ, ಬ್ಲಾಕಿನಿಂದ ಹೊರಗೆ ಬೀಳುವ ಮುನ್ನ ಫೈಲು ಕ್ಲೋಸ್ ಆಗಿರುತ್ತದೆ.

ಕ್ಲೋಸ್ ಆಗದಿದ್ದರೆ ನಿಜವಾಗಿ ಏನಾಗುತ್ತದೆ? ನನ್ನದು ಇಷ್ಟು ದಿನ ಸರಿಯಾಗೇ ಓಡುತ್ತಿದೆಯಲ್ಲ?

ಓಡುತ್ತದೆ, ಅದೇ ತೊಂದರೆ. ನನಗೆ ಆಗಿದ್ದನ್ನೇ ಹೇಳುತ್ತೇನೆ.

ಒಂದು ಸ್ಕ್ರಿಪ್ಟು ಬರೆದಿದ್ದೆ. ಅದು ಸುಮಾರು ನಲವತ್ತು ಸಾಲಿನ ವರದಿಯನ್ನು ಫೈಲಿಗೆ ಬರೆಯಬೇಕು, ಆಮೇಲೆ ಇನ್ನೊಂದು ಪ್ರೋಗ್ರಾಮನ್ನು ಕರೆದು ಆ ಫೈಲನ್ನು ಕಳಿಸಬೇಕು. ಅಷ್ಟೇ ಕೆಲಸ. ಮರುದಿನ ದೂರು ಬಂತು: "ಖಾಲಿ ಫೈಲು ಬಂದಿದೆ." ತೆರೆದು ನೋಡಿದೆ. ನಲವತ್ತೂ ಸಾಲು ಇವೆ. ಮತ್ತೆ ಓಡಿಸಿದೆ, ಮತ್ತೆ ಅವರಿಗೆ ಖಾಲಿ, ನನಗೆ ಪೂರ್ತಿ. ಎರಡು ದಿನ ಕಳಿಸುವ ಪ್ರೋಗ್ರಾಮನ್ನೇ ಬೈದುಕೊಂಡು ಕೂತಿದ್ದೆ.

ತಪ್ಪು ನನ್ನದೇ. ರೈಟ್ ಅಂತ ಕರೆದ ಕೂಡಲೇ ಅಕ್ಷರಗಳು ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಮೆಮೊರಿಯ ಒಂದು ಬಫರಿನಲ್ಲಿ ಸೇರುತ್ತವೆ. ಪೈಥಾನ್ 3ರಲ್ಲಿ ಬಹುಕಾಲ ಈ ಬಫರಿನ ಸಾಮಾನ್ಯ ಗಾತ್ರ 8192 ಬೈಟ್. ನಲವತ್ತು ಸಾಲು ಅಷ್ಟರೊಳಗೆ ಆರಾಮಾಗಿ ಕೂರುತ್ತದೆ. ನಾನು ಕ್ಲೋಸ್ ಮಾಡದೇ ಕಳಿಸುವ ಪ್ರೋಗ್ರಾಮನ್ನು ಕರೆದಾಗ ಡಿಸ್ಕಿನಲ್ಲಿದ್ದ ಫೈಲಿನ ಗಾತ್ರ ಸೊನ್ನೆ. ಸ್ಕ್ರಿಪ್ಟು ಮುಗಿಯುವಾಗ ಪೈಥಾನ್ ತಾನೇ ಫೈಲನ್ನು ಕ್ಲೋಸ್ ಮಾಡುತ್ತಿತ್ತು, ಆಗ ಎಲ್ಲ ಸಾಲೂ ಬಂದು ಕೂರುತ್ತಿದ್ದವು. ನಾನು ನೋಡುತ್ತಿದ್ದದ್ದು ಯಾವಾಗಲೂ ಮುಗಿದ ಮೇಲೆ. ಬರೆಯುವ ಸಾಲುಗಳನ್ನು ವಿತ್ ಒಳಗೆ ಹಾಕಿ, ಕಳಿಸುವ ಸಾಲನ್ನು ಅದರ ಹೊರಗೆ ತಂದೆ. ಮುಗೀತು.

ಇನ್ನೂ ಎರಡು ಕಡೆ ಇದು ಕಚ್ಚುತ್ತದೆ. ಒಂದು ಪ್ರಕ್ರಿಯೆ ಒಮ್ಮೆಗೆ ಎಷ್ಟು ಫೈಲು ತೆರೆದಿಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 1024, ಮ್ಯಾಕ್‌ನಲ್ಲಿ 256. ದಾಟಿದರೆ "ಟೂ ಮೆನಿ ಓಪನ್ ಫೈಲ್ಸ್" ಅಂತ ಓಎಸ್‌ಎರರ್ ಬರುತ್ತದೆ, ಎರರ್ ನಂಬರ್ 24. ದಿನಗಟ್ಟಲೆ ಓಡುವ ಸರ್ವರುಗಳಲ್ಲಿ ಇದು ತಿಂಗಳಿಗೊಮ್ಮೆ ಮುಖ ತೋರಿಸಿ ಎಲ್ಲರ ನಿದ್ದೆ ಕೆಡಿಸುತ್ತದೆ. ಇನ್ನೊಂದು ವಿಂಡೋಸಿನ ಕಥೆ. ಪೈಥಾನಿನಲ್ಲಿ ತೆರೆದ ಫೈಲು ಇನ್ನೂ ತೆರೆದೇ ಇದ್ದರೆ ಅಲ್ಲಿ ಅದನ್ನು ಅಳಿಸಲು, ಹೆಸರು ಬದಲಿಸಲು ಆಗುವುದಿಲ್ಲ. ಪರ್ಮಿಷನ್‌ಎರರ್ ಬರುತ್ತದೆ. ಜನ ಸುಮ್ನೆ ಅಡ್ಮಿನ್ ಪರವಾನಗಿ ಹುಡುಕಿಕೊಂಡು ಹೋಗುತ್ತಾರೆ. ಫೈಲನ್ನು ಹಿಡಿದುಕೊಂಡು ಕೂತಿರುವುದು ಅವರದೇ ಸ್ಕ್ರಿಪ್ಟು.

ವೇರಿಯಬಲ್ ಮರೆಯಾದಾಗ ಪೈಥಾನ್ ತಾನೇ ಕ್ಲೋಸ್ ಮಾಡುತ್ತದೆ ಅಂತ ಕೇಳಿದ್ದೇನೆ. ಸುಳ್ಳಾ?

ಅರ್ಧ ನಿಜ. ನಾವೆಲ್ಲ ದಿನಾ ಬಳಸುವ ಸಿಪೈಥಾನ್, ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅಂತ ಲೆಕ್ಕ ಇಡುತ್ತದೆ. ಲೆಕ್ಕ ಸೊನ್ನೆಗೆ ಇಳಿದ ತಕ್ಷಣ ವಸ್ತುವನ್ನು ಅಳಿಸುತ್ತದೆ, ಫೈಲಾಗಿದ್ದರೆ ಕ್ಲೋಸ್ ಮಾಡುತ್ತದೆ. ಆದರೆ ಇದು ಸಿಪೈಥಾನಿನ ಒಳಗಿನ ರೀತಿಯೇ ಹೊರತು ಭಾಷೆ ಕೊಟ್ಟ ಮಾತಲ್ಲ. ಪೈಪೈ ಎಂಬ ಇನ್ನೊಂದು ಪೈಥಾನಿನಲ್ಲಿ ಮೆಮೊರಿಯ ಕಸ ಗುಡಿಸುವ ಹೊತ್ತು ಬಂದಾಗಷ್ಟೇ ಅದು ಆಗುತ್ತದೆ. ಸಿಪೈಥಾನಿನಲ್ಲೂ ಎರರ್ ಬಂದಾಗ ಟ್ರೇಸ್‌ಬ್ಯಾಕ್ (ಎರರ್ ಎಲ್ಲಿಂದ ಬಂತು ಅನ್ನುವ ದಾಖಲೆ) ಆ ವೇರಿಯಬಲ್ಲುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುವ ವ್ಯವಸ್ಥೆ ಇದು.

ವಿತ್ ಒಳಗೆ ನಡೆಯುವುದೇನು?

ದೊಡ್ಡ ಮಾಯೆ ಏನಿಲ್ಲ. ವಿತ್ ಪಕ್ಕದಲ್ಲಿ ಬರುವ ವಸ್ತುವಿಗೆ ಎರಡು ಮೆಥಡ್ ಇರಬೇಕು: ಎಂಟರ್ ಮತ್ತು ಎಕ್ಸಿಟ್. ಎರಡರ ಹೆಸರಿಗೂ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುತ್ತವೆ. ಬ್ಲಾಕಿಗೆ ಹೋಗುವಾಗ ಎಂಟರ್ ಓಡುತ್ತದೆ, ಅದು ಕೊಟ್ಟದ್ದು ಆಸ್ ಪಕ್ಕದ ಹೆಸರಿಗೆ ಸೇರುತ್ತದೆ. ಫೈಲಿನ ಎಂಟರ್ ತನ್ನನ್ನೇ ಕೊಡುತ್ತದೆ. ಹೊರಗೆ ಬರುವಾಗ ಎಕ್ಸಿಟ್ ಓಡುತ್ತದೆ. ಅದಕ್ಕೆ ಮೂರು ಮಾಹಿತಿ ಸಿಗುತ್ತವೆ: ಎರರಿನ ಜಾತಿ, ಎರರ್ ವಸ್ತು, ಟ್ರೇಸ್‌ಬ್ಯಾಕ್. ಎರರ್ ಇಲ್ಲದಿದ್ದರೆ ಮೂರೂ ನನ್ (ಏನೂ ಇಲ್ಲ ಅನ್ನುವ ಬೆಲೆ). ಈ ಎರಡು ಮೆಥಡ್ ಇರುವ ವಸ್ತುವನ್ನೇ ಕಾಂಟೆಕ್ಸ್ಟ್ ಮ್ಯಾನೇಜರ್ ಅನ್ನುತ್ತಾರೆ.

ಇದು ಪೈಥಾನಿಗೆ ಬಂದದ್ದು 2006ರಲ್ಲಿ, 2.5ನೇ ಆವೃತ್ತಿಯಲ್ಲಿ. ಪೆಪ್ 343 ಎಂಬ ಪ್ರಸ್ತಾವದ ಮೂಲಕ. ಆಗ ಅದನ್ನು ಬಳಸಲು ಫೈಲಿನ ತಲೆಯಲ್ಲಿ ಒಂದು ವಿಶೇಷ ಇಂಪೋರ್ಟ್ ಸಾಲು ಬೇಕಿತ್ತು. 2.6ರಿಂದ ಆ ರಗಳೆ ಹೋಯಿತು.

ಹಾಗಾದರೆ ಎರರನ್ನು ವಿತ್ ಹಿಡಿಯುತ್ತದಾ?

ಇಲ್ಲ. ಫೈಲನ್ನು ಮುಚ್ಚಿ, ಎರರನ್ನು ಹಾಗೇ ಮೇಲಕ್ಕೆ ಬಿಡುತ್ತದೆ. ಎಕ್ಸಿಟ್ ಮೆಥಡ್ ಟ್ರೂ ಅಂತ ಹಿಂದಿರುಗಿಸಿದರೆ ಮಾತ್ರ ಎರರ್ ಅಲ್ಲೇ ನುಂಗಿಹೋಗುತ್ತದೆ. ಫೈಲು ಹಾಗೆ ಮಾಡುವುದಿಲ್ಲ. ನೀವೇ ಕಾಂಟೆಕ್ಸ್ಟ್ ಮ್ಯಾನೇಜರ್ ಬರೆಯುವಾಗ ಗೊತ್ತಿಲ್ಲದೆ ಕೊನೆಯಲ್ಲಿ ರಿಟರ್ನ್ ಟ್ರೂ ಹಾಕಿಬಿಟ್ಟರೆ ಎಲ್ಲ ಎರರೂ ಸದ್ದಿಲ್ಲದೆ ಮಾಯವಾಗುತ್ತದೆ. ಹುಡುಕುವುದು ನರಕ.

ಫೈಲೇ ಇಲ್ಲದಿದ್ದರೆ? ಓಪನ್ ಅನ್ನುವಲ್ಲೇ ಎರರ್ ಬಂದರೆ?

ಆಗ ಬ್ಲಾಕಿನ ಒಳಗೆ ಹೋಗುವುದೇ ಇಲ್ಲ, ಎಕ್ಸಿಟ್ ಕೂಡ ಓಡುವುದಿಲ್ಲ. ತೆರೆಯದ ಬಾಗಿಲನ್ನು ಮುಚ್ಚುವುದೇನು? ಫೈಲ್‌ನಾಟ್‌ಫೌಂಡ್‌ಎರರ್ ಹಿಡಿಯಬೇಕಿದ್ದರೆ ಟ್ರೈ ಅನ್ನು ವಿತ್ ಸಾಲಿನ ಹೊರಗೆ ಸುತ್ತಿ.

ಟ್ರೈ, ಫೈನಲಿ ಬಳಸಿದರೂ ಅದೇ ಅಲ್ವಾ?

ಸರಿಯಾಗಿ ಬರೆದರೆ ಅದೇ. ಸರಿಯಾಗಿ ಬರೆಯುವವರು ಕಡಿಮೆ. ಹೀಗೆ ಬರೆದಿರುವುದನ್ನು ಎಷ್ಟು ಸಲ ನೋಡಿದ್ದೇನೋ:

ಟ್ರೈ:
    ಫೈಲು = ಓಪನ್(ದಾರಿ)
    ...
ಫೈನಲಿ:
    ಫೈಲು.ಕ್ಲೋಸ್()

ಓಪನ್ ಸೋತರೆ ಫೈಲು ಅನ್ನುವ ಹೆಸರೇ ಹುಟ್ಟಿರುವುದಿಲ್ಲ. ಫೈನಲಿಗೆ ಬಂದಾಗ ನೇಮ್‌ಎರರ್ ಬರುತ್ತದೆ. ಅದನ್ನು ಹಿಡಿಯಲು ನೀವು ಕಾದಿರುವುದಿಲ್ಲ, ಕಾದಿದ್ದ ಫೈಲ್‌ನಾಟ್‌ಫೌಂಡ್‌ಎರರ್ ಅದರ ಹಿಂದೆ ಮರೆಯಾಗುತ್ತದೆ. ಓಪನ್ ಸಾಲು ಟ್ರೈಗಿಂತ ಮೇಲಿರಬೇಕು. ಇಷ್ಟೆಲ್ಲ ನೆನಪಿಟ್ಟುಕೊಳ್ಳುವ ಬದಲು ವಿತ್ ಬರೆದು ಸುಮ್ಮನಾಗುವುದು ವಾಸಿ.

"ಐ/ಓ ಆಪರೇಷನ್ ಆನ್ ಕ್ಲೋಸ್ಡ್ ಫೈಲ್" ಅಂತ ಬರುತ್ತಿದೆ. ವಿತ್ ಬಳಸಿದ ಮೇಲೇ ಶುರುವಾಯಿತು!

ಬ್ಲಾಕು ಮುಗಿದ ಮೇಲೆ ಫೈಲನ್ನು ಮುಟ್ಟುತ್ತಿದ್ದೀರಿ. ಫೈಲು ಅನ್ನುವ ಹೆಸರು ಬ್ಲಾಕಿನ ಆಚೆಗೂ ಬದುಕಿರುತ್ತದೆ, ಅದಕ್ಕೇ ಗಲಿಬಿಲಿ. ಹೆಸರು ಇದೆ, ಫೈಲು ಮುಚ್ಚಿದೆ.

ಸಾಮಾನ್ಯವಾಗಿ ಇಂಡೆಂಟ್ ತಪ್ಪಿರುತ್ತದೆ, ಎರಡು ನಿಮಿಷದಲ್ಲಿ ಸಿಗುತ್ತದೆ. ಸಿಗದೇ ಸತಾಯಿಸುವುದು ಈ ಜಾತಿಯದು:

ಡೆಫ್ ಸಾಲುಗಳು(ದಾರಿ):
    ವಿತ್ ಓಪನ್(ದಾರಿ) ಆಸ್ ಫೈಲು:
        ರಿಟರ್ನ್ ಸಿಎಸ್‌ವಿ.ರೀಡರ್(ಫೈಲು)

ನೋಡಲು ಸೊಗಸಾಗಿದೆ. ಆದರೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಡೇಟಾ) ರೀಡರ್ ಸೋಮಾರಿ. ಕೇಳಿದಾಗ ಒಂದೊಂದೇ ಸಾಲು ಓದುತ್ತದೆ, ಮೊದಲೇ ಏನನ್ನೂ ಓದಿಟ್ಟುಕೊಳ್ಳುವುದಿಲ್ಲ. ರಿಟರ್ನ್ ಆದ ಕೂಡಲೇ ಫೈಲು ಮುಚ್ಚಿತು. ಕರೆದವರ ಕೈಗೆ ಸಿಕ್ಕ ರೀಡರಿನ ಹಿಂದೆ ಇರುವುದು ಮುಚ್ಚಿದ ಫೈಲು. ಕೇಳಿದಾಗ ಒಂದೊಂದೇ ಬೆಲೆ ಕೊಡುವ ಜನರೇಟರ್ ಎಕ್ಸ್‌ಪ್ರೆಷನ್, ಮ್ಯಾಪ್ ಹಿಂದಿರುಗಿಸಿದರೂ ಇದೇ ಗತಿ.

ಫೈಲು ಚಿಕ್ಕದಿದ್ದರೆ ರೀಡರನ್ನು ಲಿಸ್ಟ್ ಒಳಗೆ ಹಾಕಿ ಹಿಂದಿರುಗಿಸಿ. ದೊಡ್ಡದಿದ್ದರೆ ರಿಟರ್ನ್ ತೆಗೆದು ಯೀಲ್ಡ್ ಫ್ರಮ್ ಬಳಸಿ. ಆಗ ಫಂಕ್ಷನ್ನೇ ಜನರೇಟರ್ ಆಗುತ್ತದೆ, ಸಾಲುಗಳು ಮುಗಿಯುವ ತನಕ ಫೈಲು ತೆರೆದಿರುತ್ತದೆ. ಕರೆದವರು ನಡುವೆಯೇ ಕೈಬಿಟ್ಟರೆ? ಆ ಜನರೇಟರ್ ಕ್ಲೋಸ್ ಆಗುವವರೆಗೂ ಫೈಲು ತೆರೆದೇ ಇರುತ್ತದೆ. ಅದಕ್ಕೇ ನನಗೆ ಇನ್ನೊಂದು ಉಪಾಯ ಇಷ್ಟ: ಫಂಕ್ಷನ್ನಿಗೆ ಫೈಲಿನ ದಾರಿ (ಪಾತ್) ಕೊಡುವ ಬದಲು ತೆರೆದ ಫೈಲನ್ನೇ ಕೊಡಿ. ತೆರೆದವರೇ ಮುಚ್ಚಲಿ.

ಎರಡು ಫೈಲು ಒಟ್ಟಿಗೆ ತೆರೆಯಬೇಕು. ವಿತ್ ಒಳಗೆ ವಿತ್ ಹಾಕಬೇಕಾ?

ಬೇಡ. ಒಂದೇ ವಿತ್‌ನಲ್ಲಿ ಅಲ್ಪವಿರಾಮ ಹಾಕಿ ಎರಡನ್ನೂ ಬರೆಯಬಹುದು. ಪೈಥಾನ್ 3.10ರಿಂದ ಆವರಣದೊಳಗೆ ಇಟ್ಟು ಸಾಲು ಮುರಿದು ಬರೆಯಬಹುದು. ಮುಚ್ಚುವಾಗ ಕೊನೆಗೆ ತೆರೆದದ್ದು ಮೊದಲು ಮುಚ್ಚುತ್ತದೆ. ಎರಡನೆಯದನ್ನು ತೆರೆಯುವಾಗ ಎರರ್ ಬಂದರೆ ಮೊದಲನೆಯದು ಸರಿಯಾಗಿ ಮುಚ್ಚುತ್ತದೆ, ಆ ಚಿಂತೆ ಬೇಡ.

ಎಷ್ಟು ಫೈಲು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಪೈಥಾನ್ ಜೊತೆಗೇ ಬರುವ ಕಾಂಟೆಕ್ಸ್ಟ್‌ಲಿಬ್‌ನ ಎಕ್ಸಿಟ್‌ಸ್ಟ್ಯಾಕ್ ಇದೆ. ಲೂಪಿನಲ್ಲಿ ಒಂದೊಂದನ್ನೇ ತೆರೆದು ಅದರ ಎಂಟರ್_ಕಾಂಟೆಕ್ಸ್ಟ್‌ಗೆ ಕೊಡುತ್ತಾ ಹೋದರೆ, ಕೊನೆಗೆ ಎಲ್ಲವನ್ನೂ ಅದೇ ಮುಚ್ಚುತ್ತದೆ.

ವಿತ್ ಬಳಸಿದೆ. ನನ್ನ ಡೇಟಾ ಈಗ ಸುರಕ್ಷಿತ ತಾನೇ?

ಇಲ್ಲಿಗೆ ಬರಬೇಕು ಅಂತಲೇ ಕಾಯುತ್ತಿದ್ದೆ. ಉತ್ತರ: ಇಲ್ಲ. ವಿತ್ ಕೊಡುವ ಮಾತು ಒಂದೇ, ಮುಚ್ಚುತ್ತೇನೆ ಅಂತ. ಒಳಗಿರುವುದನ್ನು ಕಾಪಾಡುತ್ತೇನೆ ಅಂತ ಅದು ಎಲ್ಲೂ ಹೇಳಿಲ್ಲ.

ಬರೆಯಲು ಡಬ್ಲ್ಯು ಮೋಡಿನಲ್ಲಿ ಫೈಲು ತೆರೆದಿರಿ. ತೆರೆದ ಆ ಕ್ಷಣದಲ್ಲೇ ಹಳೆಯದೆಲ್ಲ ಅಳಿಸಿಹೋಯಿತು, ನೀವಿನ್ನೂ ಒಂದಕ್ಷರ ಬರೆದಿಲ್ಲ. ಮೂರನೇ ಸಾಲು ಬರೆಯುವಾಗ ಎರರ್ ಬಂತು. ವಿತ್ ತನ್ನ ಕೆಲಸ ಚೊಕ್ಕವಾಗಿ ಮಾಡಿತು, ಫೈಲನ್ನು ಮುಚ್ಚಿತು. ಎರಡು ಸಾಲಿನ ಅರೆಬೆಂದ ಫೈಲು ಉಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇದಕ್ಕೆ ಹಳೆಯ, ಪಳಗಿದ ಉಪಾಯ ಒಂದಿದೆ. ಮೂಲ ಫೈಲನ್ನು ಮುಟ್ಟಬೇಡಿ. ಪಕ್ಕದಲ್ಲಿ ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆಯಿರಿ. ಎಲ್ಲ ಸರಿಯಾದ ಮೇಲೆ ಅದನ್ನು ಮೂಲದ ಜಾಗಕ್ಕೆ ತಂದು ಕೂರಿಸಿ. ಇದನ್ನೇ ಒಂದು ಕಾಂಟೆಕ್ಸ್ಟ್ ಮ್ಯಾನೇಜರ್ ಮಾಡಿಟ್ಟುಕೊಂಡಿದ್ದೇನೆ:

@ಕಾಂಟೆಕ್ಸ್ಟ್‌ಮ್ಯಾನೇಜರ್
ಡೆಫ್ ಜೋಪಾನವಾಗಿ_ಬರೆ(ದಾರಿ):
    ಪಕ್ಕದ_ಫೈಲು = ದಾರಿ + ".ಟಿಎಂಪಿ"
    ವಿತ್ ಓಪನ್(ಪಕ್ಕದ_ಫೈಲು, "ಡಬ್ಲ್ಯು", ಎನ್‌ಕೋಡಿಂಗ್="ಯುಟಿಎಫ್-8") ಆಸ್ ಫೈಲು:
        ಯೀಲ್ಡ್ ಫೈಲು
        ಫೈಲು.ಫ್ಲಶ್()
        ಓಎಸ್.ಎಫ್‌ಸಿಂಕ್(ಫೈಲು.ಫೈಲ್‌ನೋ())
    ಓಎಸ್.ರಿಪ್ಲೇಸ್(ಪಕ್ಕದ_ಫೈಲು, ದಾರಿ)

ಬಳಸುವಾಗ "ವಿತ್ ಜೋಪಾನವಾಗಿ_ಬರೆ(ದಾರಿ) ಆಸ್ ಫೈಲು:" ಅಂದರೆ ಆಯಿತು. ಯೀಲ್ಡ್ ಇರುವ ಸಾಲಿನಲ್ಲೇ ಇದರ ಜೀವ ಇದೆ. ಯೀಲ್ಡ್‌ಗಿಂತ ಮೇಲಿನದು ಎಂಟರ್ ಆಗುತ್ತದೆ, ಕೆಳಗಿನದು ಎಕ್ಸಿಟ್ ಆಗುತ್ತದೆ. ನಿಮ್ಮ ಬ್ಲಾಕಿನಲ್ಲಿ ಎರರ್ ಬಂದರೆ ಅದು ಯೀಲ್ಡ್ ಇರುವ ಜಾಗದಲ್ಲೇ ಬಂದು ಸಿಡಿಯುತ್ತದೆ. ಹಾಗೆ ಸಿಡಿದರೆ ಕೆಳಗಿನ ಸಾಲುಗಳು ಓಡುವುದಿಲ್ಲ. ರಿಪ್ಲೇಸ್ ನಡೆಯದೆ ಮೂಲ ಫೈಲು ಇದ್ದ ಹಾಗೇ ಉಳಿಯುತ್ತದೆ. ಅರ್ಧ ಬರೆದ ಪಕ್ಕದ ಫೈಲು ಮಾತ್ರ ಬಿದ್ದಿರುತ್ತದೆ. ಅದನ್ನು ಅಳಿಸಲು ಒಂದು ಟ್ರೈ ಸುತ್ತಬಹುದು. ನಾನು ಬೇಕಂತಲೇ ಬಿಟ್ಟಿದ್ದೇನೆ, ಏನು ಕೆಟ್ಟಿತು ಅಂತ ನೋಡಲು ಅದು ಕೆಲಸಕ್ಕೆ ಬರುತ್ತದೆ.

ಪಕ್ಕದ ಫೈಲು ಅದೇ ಫೋಲ್ಡರಿನಲ್ಲೇ ಇರಬೇಕು. ಬೇರೆ ಡಿಸ್ಕಿನಲ್ಲಿದ್ದರೆ ರಿಪ್ಲೇಸ್ ಎರರ್ ಕೊಡುತ್ತದೆ. ಒಂದೇ ಡಿಸ್ಕಿನಲ್ಲಿ, ಲಿನಕ್ಸ್, ಮ್ಯಾಕ್ ತರಹದ ಸಿಸ್ಟಮ್ಮುಗಳಲ್ಲಿ ಈ ಅದಲುಬದಲು ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೆಯದು ಸಿಗುತ್ತದೆ, ಇಲ್ಲವೇ ಹೊಸದು. ನಡುವಿನ ಸ್ಥಿತಿ ಕಾಣುವುದಿಲ್ಲ.

ಹಳೆಯ ಫೈಲು ಇದ್ದರೆ ಅದರ ಮೇಲೆ ಬರೆಯಲೇಬಾರದು ಅನ್ನುವುದಷ್ಟೇ ನಿಮ್ಮ ಚಿಂತೆಯಾದರೆ ಇಷ್ಟೆಲ್ಲ ಬೇಡ. ಡಬ್ಲ್ಯು ಬದಲು ಎಕ್ಸ್ ಮೋಡ್ ಕೊಡಿ, ಫೈಲು ಮೊದಲೇ ಇದ್ದರೆ ತೆರೆಯುವುದಕ್ಕೇ ಒಪ್ಪುವುದಿಲ್ಲ.

ಆ ಎಫ್‌ಸಿಂಕ್ ಯಾಕೆ? ಕ್ಲೋಸ್ ಆದರೆ ಡಿಸ್ಕಿಗೆ ಹೋದ ಹಾಗಲ್ವಾ?

ಅಲ್ಲ. ಕ್ಲೋಸ್ ಮಾಡಿದರೆ ಪೈಥಾನಿನ ಬಫರ್ ಖಾಲಿಯಾಗಿ ಆಪರೇಟಿಂಗ್ ಸಿಸ್ಟಮಿನ ಕೈ ಸೇರುತ್ತದೆ. ಅದು ತನ್ನ ಪುರುಸೊತ್ತಿನಲ್ಲಿ ಡಿಸ್ಕಿಗೆ ಇಳಿಸುತ್ತದೆ. ಆ ಸಂದಿಯಲ್ಲಿ ಕರೆಂಟ್ ಹೋದರೆ ಹೋಯಿತು. ಈಗಲೇ ಇಳಿಸು ಅಂತ ಒತ್ತಾಯ ಮಾಡುವುದು ಎಫ್‌ಸಿಂಕ್. ಅದು ನಿಧಾನ, ಎಲ್ಲ ಕಡೆ ಬೇಡ. ಲಾಗ್ ಫೈಲಿನ ಪ್ರತಿ ಸಾಲಿಗೂ ಹಾಕಿದರೆ ಪ್ರೋಗ್ರಾಮು ತೆವಳುತ್ತದೆ. ಕಳೆದರೆ ಮತ್ತೆ ಹುಟ್ಟಿಸಲಾಗದ ಡೇಟಾಕ್ಕೆ ಹಾಕಿ.

ಇನ್ನೊಂದು ಸೂಕ್ಷ್ಮ ಇದೆ. ಡಿಸ್ಕ್ ತುಂಬಿದ್ದರೆ ರೈಟ್ ಸಾಲಿನಲ್ಲಿ ಎರರ್ ಬರದೇ, ಬಫರ್ ಖಾಲಿ ಮಾಡುವ ಹೊತ್ತಿಗೆ, ಅಂದರೆ ವಿತ್ ಮುಗಿಯುವಲ್ಲಿ ಬರಬಹುದು. ಹಾಗಾಗಿ "ಬರೆದಾಯಿತು" ಅನ್ನುವ ಸಂದೇಶವನ್ನು ವಿತ್ ಬ್ಲಾಕಿನ ಹೊರಗೆ ಪ್ರಿಂಟ್ ಮಾಡಿ. ಒಳಗೆ ಮಾಡಿದರೆ ಅದು ಸುಳ್ಳಾಗುವ ಸಾಧ್ಯತೆ ಇದೆ.

ಕಂಟ್ರೋಲ್ ಸಿ ಒತ್ತಿದರೆ? ಪ್ರೋಗ್ರಾಮನ್ನು ಕಿಲ್ ಮಾಡಿದರೆ?

ಕಂಟ್ರೋಲ್ ಸಿ ಒತ್ತಿದರೆ ಕೀಬೋರ್ಡ್‌ಇಂಟರಪ್ಟ್ ಎಂಬ ಎಕ್ಸೆಪ್ಷನ್ ಬರುತ್ತದೆ, ವಿತ್ ಮುಚ್ಚುತ್ತದೆ. ಸಿಸ್.ಎಕ್ಸಿಟ್ ಕೂಡ ಎಕ್ಸೆಪ್ಷನ್ನೇ, ಅಲ್ಲೂ ಮುಚ್ಚುತ್ತದೆ. ಕಿಲ್ ಮೈನಸ್ 9ಕ್ಕೆ ಯಾವ ವಿತ್ತೂ ಇಲ್ಲ, ಪೈಥಾನಿಗೆ ಉಸಿರೆತ್ತಲೂ ಬಿಡುವುದಿಲ್ಲ. ಬರೀ ಕಿಲ್ ಅಂದರೂ ಅಷ್ಟೇ, ನೀವಾಗಿ ಸಿಗ್ನಲ್ ಹಿಡಿಯುವ ಕೋಡ್ ಬರೆದಿರದಿದ್ದರೆ ಪೈಥಾನಿಗೆ ಮುಚ್ಚುವ ಅವಕಾಶ ಸಿಗುವುದಿಲ್ಲ.

ಎನ್‌ಕೋಡಿಂಗ್ ಪ್ರತಿ ಸಲ ಯಾಕೆ ಕೊಡಬೇಕು?

ಎನ್‌ಕೋಡಿಂಗ್ ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬದಲಿಸುವ ಪದ್ಧತಿ. ಕೊಡದಿದ್ದರೆ ಬಹಳಷ್ಟು ಆವೃತ್ತಿಗಳಲ್ಲಿ ಪೈಥಾನ್ ಆ ಕಂಪ್ಯೂಟರಿನ ಸೆಟ್ಟಿಂಗ್ ನೋಡಿ ಒಂದನ್ನು ಆರಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಯುಟಿಎಫ್-8, ವಿಂಡೋಸಿನಲ್ಲಿ ಬಹಳ ಕಡೆ ಬೇರೆ. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಮಗೆ ಮೊದಲ ದಿನವೇ ಗೊತ್ತಾಗುತ್ತದೆ. "ಕನ್ನಡ" ಅನ್ನುವ ಪದ ಯುಟಿಎಫ್-8ರಲ್ಲಿ 15 ಬೈಟ್: ಐದು ಕೋಡ್ ಪಾಯಿಂಟು, ಒಂದೊಂದಕ್ಕೆ ಮೂರು. ವಿಂಡೋಸಿನ ಹಳೆಯ ಕೋಡ್ ಪೇಜಿನಲ್ಲಿ ಈ ಅಕ್ಷರಗಳಿಗೆ ಜಾಗವೇ ಇಲ್ಲ, ಯೂನಿಕೋಡ್‌ಎನ್‌ಕೋಡ್‌ಎರರ್ ಬರುತ್ತದೆ. ಅದೂ ಡಬ್ಲ್ಯು ಮೋಡಿನಲ್ಲಿ ಹಳೆಯದು ಅಳಿಸಿಹೋದ ಮೇಲೆ.

ಪಾತ್‌ಲಿಬ್‌ನ ರೀಡ್_ಟೆಕ್ಸ್ಟ್ ಬಳಸಿದರೆ ವಿತ್ ಬೇಕಾ?

ಬೇಡ. ಅದೇ ತೆರೆದು, ಓದಿ, ಮುಚ್ಚುತ್ತದೆ. ಚಿಕ್ಕ ಫೈಲಿಗೆ ನಾನೂ ಅದನ್ನೇ ಬಳಸುತ್ತೇನೆ.

ವಿತ್ ಬಳಸಿದ ಎಲ್ಲವೂ ಕೊನೆಗೆ ಕ್ಲೋಸ್ ಆಗುತ್ತದಾ?

ಇಲ್ಲ, ಇಲ್ಲೇ ಅನುಭವಿಗಳೂ ಎಡವುತ್ತಾರೆ. ಎಕ್ಸಿಟ್‌ನಲ್ಲಿ ಏನು ಮಾಡಬೇಕು ಅನ್ನುವುದು ಆ ವಸ್ತುವಿಗೆ ಬಿಟ್ಟದ್ದು. ಲಾಕ್ ಆದರೆ ಬಿಟ್ಟುಕೊಡುತ್ತದೆ. ಎಸ್‌ಕ್ಯೂಲೈಟ್3 ಡೇಟಾಬೇಸಿನ ಕನೆಕ್ಷನ್ ಆದರೆ ಎಲ್ಲ ಸರಿಯಿದ್ದಾಗ ಕಮಿಟ್ ಮಾಡುತ್ತದೆ (ಬದಲಾವಣೆ ಉಳಿಸುತ್ತದೆ), ಎರರ್ ಬಂದರೆ ರೋಲ್‌ಬ್ಯಾಕ್ ಮಾಡುತ್ತದೆ (ಬದಲಾವಣೆ ಹಿಂತೆಗೆಯುತ್ತದೆ), ಆದರೆ ಕನೆಕ್ಷನ್ ಮುಚ್ಚುವುದಿಲ್ಲ! ಮುಚ್ಚಲು ಕಾಂಟೆಕ್ಸ್ಟ್‌ಲಿಬ್‌ನ ಕ್ಲೋಸಿಂಗ್ ಒಳಗೆ ಅದನ್ನು ಇಡಬೇಕು. ಹೊಸ ಲೈಬ್ರರಿ ಬಳಸುವಾಗ ಅದರ ಎಕ್ಸಿಟ್ ಏನು ಮಾಡುತ್ತದೆ ಅಂತ ಡಾಕ್ಯುಮೆಂಟೇಷನ್ನಿನಲ್ಲಿ ಒಂದು ಸಲ ಕಣ್ಣು ಹಾಯಿಸಿ.

ಬೇರೆ ಭಾಷೆಗಳಲ್ಲಿ ಇದಿಲ್ಲವಾ?

ಇದೆ, ಹೆಸರು ಬೇರೆ. ಜಾವಾ 7ರಲ್ಲಿ, 2011ರಲ್ಲಿ, ಟ್ರೈ ವಿತ್ ರಿಸೋರ್ಸಸ್ ಬಂತು. ಸಿ ಶಾರ್ಪಿನಲ್ಲಿ ಯೂಸಿಂಗ್. ಸಿ ಪ್ಲಸ್ ಪ್ಲಸ್, ರಸ್ಟ್‌ನಲ್ಲಿ ವೇರಿಯಬಲ್ ತನ್ನ ಬ್ಲಾಕು ದಾಟಿದ ಕೂಡಲೇ ಫೈಲು ತಾನಾಗಿ ಮುಚ್ಚುತ್ತದೆ. ಗೋ ಭಾಷೆಯ ಡಿಫರ್ ಬಗ್ಗೆ ಮಾತ್ರ ಹುಷಾರು: ಅದು ಓಡುವುದು ಫಂಕ್ಷನ್ ಮುಗಿದಾಗ, ಬ್ಲಾಕು ಮುಗಿದಾಗ ಅಲ್ಲ. ಸಾವಿರಾರು ಫೈಲಿನ ಲೂಪಿನಲ್ಲಿ ಡಿಫರ್ ಹಾಕಿದರೆ ಎಲ್ಲವೂ ತೆರೆದೇ ಇರುತ್ತವೆ.

ಹಳೆಯ ಕೋಡಿನಲ್ಲಿ ಮುಚ್ಚದ ಫೈಲುಗಳನ್ನು ಹುಡುಕುವುದು ಹೇಗೆ?

ಪೈಥಾನ್ ತಾನೇ ಹೇಳುತ್ತದೆ, ನಾವು ಕೇಳಿಸಿಕೊಳ್ಳುತ್ತಿಲ್ಲ ಅಷ್ಟೇ. ಮುಚ್ಚದ ಫೈಲು ಕಂಡರೆ ರಿಸೋರ್ಸ್‌ವಾರ್ನಿಂಗ್ ಕೊಡುವ ವ್ಯವಸ್ಥೆ 3.2ರಿಂದ ಇದೆ, ಆದರೆ ಮಾಮೂಲಿಯಾಗಿ ಅದನ್ನು ತೋರಿಸುವುದಿಲ್ಲ. ಪ್ರೋಗ್ರಾಮು ಓಡಿಸುವಾಗ ಪೈಥಾನ್ ಪದದ ಪಕ್ಕದಲ್ಲಿ "ಮೈನಸ್ ದೊಡ್ಡ ಎಕ್ಸ್, ಡೆವ್" ಅಂತ ಸೇರಿಸಿ. ಯಾವ ಸಾಲಿನ ಹೊತ್ತಿಗೆ ಫೈಲು ಅನಾಥವಾಯಿತು ಅಂತ ತೋರಿಸುತ್ತದೆ. ಟ್ರೇಸ್‌ಮ್ಯಾಲಕ್ ಎಂಬ, ಮೆಮೊರಿ ಬಳಕೆಯ ಜಾಡು ಹಿಡಿಯುವ ಸಲಕರಣೆಯನ್ನೂ ಆನ್ ಮಾಡಿದರೆ ಅದನ್ನು ತೆರೆದದ್ದು ಎಲ್ಲಿ ಅನ್ನುವುದೂ ಸಿಗುತ್ತದೆ. ನನ್ನ ಹಳೆಯದೊಂದು ಪ್ರಾಜೆಕ್ಟಿನಲ್ಲಿ ಹೀಗೆ ಓಡಿಸಿದಾಗ ಸ್ಕ್ರೀನ್ ತುಂಬ ವಾರ್ನಿಂಗ್ ಬಂದಿತ್ತು. ಒಂದೇ ದಿನ ಎಲ್ಲವನ್ನೂ ತಿದ್ದಲು ಹೋಗಲಿಲ್ಲ. ಬರೆಯಲು ತೆರೆದ ಫೈಲುಗಳನ್ನು ಮೊದಲು ಹಿಡಿದೆ, ಓದುವವನ್ನು ಆಮೇಲೆ.